ಎಷ್ಟನೇ ಸಲಕ್ಕೆ

ಮಂಗಳವಾರ ದೊಡ್ಡಾಸ್ಪತ್ರೆಯಲ್ಲಿ ನನ್ನ ಸರದಿ.
ಚೀಟಿ ಮೂವತ್ತೊಂದು: ವಿಠೋಬರಾವ್ ಪಿಸ್ಸೆ,
ಗಾಂಧಿ ಬಜಾರಿನ ಒಳಗಲ್ಲಿಯ ದರ್ಜಿ.
ಕೂರುವ ಮೊದಲೇ ಕಾಲರಿನ ಮಡಿಕೆಯಿಂದ
ಸೂಜಿ ತೆಗೆಯುತ್ತಾರೆ,
ಜೇಬಿನಿಂದ ಕಪ್ಪು ದಾರದ ತುಂಡು.
"ಎಣಿಸಿ ಡಾಕ್ಟ್ರೆ."

ಒಂದು. ದಾರದ ತುದಿ ನಾಲಿಗೆಗೆ ತಾಗಿ ಚೂಪಾಗುತ್ತದೆ.
ಎರಡು. ಸೂಜಿಯ ಕಣ್ಣು ಒಂದು ಕಡೆ, ಬೆರಳು ಇನ್ನೊಂದು ಕಡೆ.
ನಾಲ್ಕು. ಹೊರಗೆ ಯಾರೋ ಬಾಗಿಲು ಬಡಿಯುತ್ತಾರೆ.
ಏಳು.
ಹೋಯಿತು.

ನಡುಕ ಅಳೆಯಲು ನನ್ನ ಪುಸ್ತಕದಲ್ಲಿ ಬೇರೆ ಕೋಲುಗಳಿವೆ,
ಸೊನ್ನೆಯಿಂದ ನಾಲ್ಕರವರೆಗೆ.
ಇವರ ಕಡತದಲ್ಲಿ ಮಾತ್ರ ಹೀಗೆ ಬರೆಯುತ್ತೇನೆ:
ಲಿಥಿಯಂ ಒಂಬೈನೂರು, ಸೂಜಿ ಏಳು.

ಮೊದಲ ಸಲ ಕರೆತಂದಾಗ
ನಾಲ್ಕು ರಾತ್ರಿ ಮಷಿನ್ನು ನಿಂತಿರಲಿಲ್ಲವಂತೆ.
ಗಿರಾಕಿಗಳ ರೇಷ್ಮೆಯನ್ನೆಲ್ಲ ಕತ್ತರಿಸಿ
ಬಸ್‌ಸ್ಟ್ಯಾಂಡಿನ ಕಂಬಗಳಿಗೆ ಕೋಟು ಹೊಲಿಯಲು
ಟೇಪು ಹಿಡಿದು ಹೊರಟಿದ್ದರು.
ಅಷ್ಟು ಸಂತೋಷವಾಗಿದ್ದ ಮನುಷ್ಯನನ್ನು
ಮೂವರು ಸೇರಿ ಹಿಡಿದು ತಂದಿದ್ದರು.

ಆಮೇಲೆ ಐದು ತಿಂಗಳು ಶಟರು ಅರ್ಧ ಇಳಿದೇ ಇತ್ತು.
ಒಂದು ಗುಂಡಿ ಹಚ್ಚಲು ಒಂದು ಮಧ್ಯಾಹ್ನ.
ಯಮುನಾಬಾಯಿ ಕತ್ತರಿಗಳನ್ನೆಲ್ಲ
ಅಕ್ಕಿ ಡಬ್ಬಿಯ ತಳದಲ್ಲಿ ಹೂತಿಟ್ಟರು.
ಯಾಕೆಂದು ಕೇಳಿದೆ, ಕೇಳಲೇಬೇಕು.
ಆಕೆ ಸೆರಗಿನ ಅಂಚು ನೋಡುತ್ತ ಕೂತರು.

"ಇದೂ ಒಂದು ಜಾತಿ ಉಪ್ಪು" ಅಂತ ಮಾತ್ರೆ ತೋರಿಸಿದ್ದೆ,
"ಉಪ್ಪು ತಿಂದವರು ನೀರು ಕುಡೀಲೇಬೇಕು."
ಹಳೆಯ ಗಾದೆ, ಎಲ್ಲರಿಗೂ ಹೇಳುತ್ತೇನೆ, ನಗುತ್ತಾರೆ.
ಇವರು ನಗಲಿಲ್ಲ.
"ಯಾವ ತಪ್ಪಿಗೆ ಡಾಕ್ಟ್ರೆ, ನಾನು ಇಷ್ಟು ನೀರು ಕುಡಿಯೋದು?"

ಆ ಗಾದೆಯನ್ನು ಅಂದಿನಿಂದ ಬಿಟ್ಟೆ.

ಆಷಾಢದ ಏಕಾದಶಿಗೆ ನಿರಾಹಾರ, ಹನಿ ನೀರಿಲ್ಲ.
ಸಂಜೆಗೆ ವಾಂತಿ, ತೊದಲು, ತೂರಾಡುವ ಕಾಲು.
ಒಂದು ದಾಟಬಾರದ್ದು ರಕ್ತದಲ್ಲಿ ಒಂದೂಮುಕ್ಕಾಲು.
ರಾತ್ರಿಯಿಡೀ ಡ್ರಿಪ್ಪಿನ ಹನಿ ಎಣಿಸಿದವಳು ನಾನು.
"ನೀರು ಬೇಡ ಅಂತ ವಿಠ್ಠಲ ಹೇಳಿದ್ನಾ?" ರೇಗಿದೆ.
"ಇಲ್ಲ. ಒಂದು ದಿನ ಬಾಯಾರಿಕೆ
ನಂದೇ ಆಗಿರ್ಲಿ ಅನ್ನಿಸ್ತು."

ಆರುನೂರಕ್ಕೆ ಇಳಿಸಿದೆ.
ಸೂಜಿ ಐದು. ಸೂಜಿ ಐದು. ಸೂಜಿ ನಾಲ್ಕು.

ಈ ಮಂಗಳವಾರ ದಾರ ಕೆಂಪು.
ಒಂದು,
ಎನ್ನುವಷ್ಟರಲ್ಲಿ ಒಳಗೆ ಹೋಗಿ ಆಚೆ ಬಂದಿತ್ತು.

ಚಪ್ಪಾಳೆ ತಟ್ಟಬೇಕಿತ್ತು ನಾನು.
ನನ್ನ ಕಿವಿ ಆಗಲೇ ಅವರ ಮಾತಿನ ವೇಗ ಅಳೆಯುತ್ತಿತ್ತು.
"ರಾತ್ರಿ ನಿದ್ದೆ?"
"ಆಯ್ತು."
"ಎಷ್ಟು?"
ಉತ್ತರವಿಲ್ಲ.
"ಮಾತ್ರೆ?"
"ಒಂದು ಕುಪ್ಪಸ ಇತ್ತು ಡಾಕ್ಟ್ರೆ. ಪೂರ್ತಿ ಕೈಹೊಲಿಗೆ.
ಹದಿನೆಂಟು ದಿನ ಬಿಟ್ಟಿದ್ದೆ, ಅಷ್ಟೇ."

"ಹೇಗೆ ಬಂತು?"
ಕೇಳಬಾರದಿತ್ತು. ಚೀಲದಿಂದ ತೆಗೆದೇ ಬಿಟ್ಟರು.
ಗುಬ್ಬಿ ಹೆಜ್ಜೆಗಿಂತ ಸಣ್ಣ ಹೊಲಿಗೆ,
ಬೆನ್ನು ತಿರುವಿದರೂ ಅದೇ ಸಾಲು, ಗಂಟೇ ಇಲ್ಲ.
ನನ್ನ ಯಾವ ಗುಳಿಗೆಯೂ ಇದನ್ನು ಕೊಡಲಾರದು.
ನನ್ನ ಗುಳಿಗೆ ಇದನ್ನು ಕಸಿಯುತ್ತದೆ,
ಕಸಿದುಕೊಂಡು ಮನುಷ್ಯನನ್ನು ಉಳಿಸಿ ಕಳಿಸುತ್ತದೆ.
ಇಷ್ಟನ್ನು ಮೂವತ್ತೆರಡನೇ ಚೀಟಿ ಕಾಯುತ್ತಿರುವಾಗ
ಹೇಗೆ ಹೇಳುವುದು?

ಚೌಕಾಸಿಗೆ ಕೂತೆವು.
"ಎರಡನೇ ಸಲಕ್ಕೆ ಹೋಗೋ ಹಾಗೆ ಮಾಡಿ."
"ಐದು."
"ಎರಡು. ನಂದೂ ಹೊಟ್ಟೆಪಾಡು."
"ನಾಲ್ಕು. ಮೇಲೆ ಆರು ಗಂಟೆ ನಿದ್ದೆ."
"ಮೂರು ಮಾಡ್ಕೊಳ್ಳಿ ಡಾಕ್ಟ್ರೆ."
ಆರುನೂರು ಮತ್ತೆ ಶುರು, ನಡುಕಕ್ಕೊಂದು ಚಿಕ್ಕ ಮಾತ್ರೆ,
ಸೋಮವಾರ ಬೆಳಿಗ್ಗೆ ರಕ್ತ.
ಚೀಟಿಯನ್ನು ಬಟ್ಟೆಯಂತೆ ನಾಲ್ಕು ಮಡಿಕೆ ಮಾಡಿ ಎದ್ದರು.
ಬಾಗಿಲಲ್ಲಿ ಏನೋ ಹೇಳಹೊರಟು ಹೇಳಲಿಲ್ಲ.

ಸೂಜಿ ಮೇಜಿನ ಮೇಲೇ ಉಳಿದಿತ್ತು,
ಕೆಂಪು ದಾರದ ಸಮೇತ.
ಮುಂದಿನ ರೋಗಿ ಕುರ್ಚಿ ಎಳೆದುಕೊಂಡಾಗ
ಎಲ್ಲಿಡುವುದೆಂದು ತಿಳಿಯದೆ
ನನ್ನ ಕೋಟಿನ ಕಾಲರಿಗೆ ಚುಚ್ಚಿಕೊಂಡೆ.